ಗಾಸ್ಪಾರ್ ಮೊಂಜ್

ಗಾಸ್ಪಾರ್ ಮೊಂಜ್ (ಮೇ ೯, ೧೭೪೬ – ಜುಲೈ ೨೮, ೧೮೧೮) ಫ್ರಾನ್ಸ್ ದೇಶದ ಗಣಿತಜ್ಞರು. ಮೂರು ಆಯಾಮದ ವಸ್ತುಗಳನ್ನು ಕಾಗದದ ಮೇಲೆ ನಿಖರವಾಗಿ ಚಿತ್ರಿಸುವ ವಿವರಣಾತ್ಮಕ ಜ್ಯಾಮಿತಿ ಎಂಬ ಶಾಸ್ತ್ರವನ್ನು ರೂಪಿಸಿದವರು ಇವರು. ವಕ್ರ ಮೇಲ್ಮೈಗಳನ್ನು ಅವು ಹುಟ್ಟುವ ಬಗೆಯಿಂದ ವರ್ಗೀಕರಿಸಿ, ಪ್ರತಿಯೊಂದು ವರ್ಗಕ್ಕೂ ತಕ್ಕ ಸಮೀಕರಣವನ್ನು ಕಂಡುಕೊಂಡ ಕಾರಣ ಇವರನ್ನು ಅವಕಲನ ಜ್ಯಾಮಿತಿಯ ಸ್ಥಾಪಕರಲ್ಲಿ ಒಬ್ಬರೆಂದು ಪರಿಗಣಿಸಲಾಗುತ್ತದೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ನೌಕಾ ಮಂತ್ರಿಯಾಗಿಯೂ, ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾಗಿಯೂ, ನೆಪೋಲಿಯನ್ನನ ಆಪ್ತರಾಗಿಯೂ ಇದ್ದ ಇವರು ಜೀವನದ ಕೊನೆಯಲ್ಲಿ ಎಲ್ಲ ಪದವಿಗಳನ್ನೂ ಕಳೆದುಕೊಂಡರು.

ಜನನ ಮತ್ತು ವಿದ್ಯಾಭ್ಯಾಸ

ಮೊಂಜ್ ಅವರು ಬರ್ಗಂಡಿ ಪ್ರಾಂತ್ಯದ ಬೋನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಜಾಕ್ ಮೊಂಜ್ ಸವಾಯ್ ಸೀಮೆಯಿಂದ ಬಂದು ನೆಲೆಸಿದ ಸಣ್ಣ ವ್ಯಾಪಾರಿ. ತಾಯಿ ಜಾನ್ ರೂಸೋ. ಕುಟುಂಬಕ್ಕೆ ಆಸ್ತಿಯಾಗಲಿ ಕುಲೀನ ವಂಶದ ಹೆಸರಾಗಲಿ ಇರಲಿಲ್ಲ. ಆದರೂ ತಂದೆ ಮಕ್ಕಳ ಓದಿಗೆ ಕೊರತೆ ಮಾಡಲಿಲ್ಲ. ಊರಿನಲ್ಲಿ ಒರೆಟೋರಿಯನ್ ಪಾದ್ರಿಗಳು ನಡೆಸುತ್ತಿದ್ದ ಶಾಲೆಯಲ್ಲಿ ಕಲಿತ ಮೊಂಜ್ ೧೭೬೨ರಲ್ಲಿ ಲಿಯೋನ್ ನಗರದ ಕಾಲೇಜಿಗೆ ಹೋದರು. ಹದಿನೇಳನೆಯ ವಯಸ್ಸಿಗೇ ಅಲ್ಲಿ ಭೌತವಿಜ್ಞಾನವನ್ನು ಬೋಧಿಸುವ ಹೊಣೆ ಅವರಿಗೆ ದೊರೆಯಿತು.

೧೭೬೪ರಲ್ಲಿ ಊರಿಗೆ ಮರಳಿದಾಗ ಅವರು ಬೋನ್ ಪಟ್ಟಣದ ದೊಡ್ಡ ಪ್ರಮಾಣದ ನಕಾಶೆಯೊಂದನ್ನು ತಯಾರಿಸಿದರು. ಅಳತೆಯ ವಿಧಾನವನ್ನೂ ಅದಕ್ಕೆ ಬೇಕಾದ ಉಪಕರಣಗಳನ್ನೂ ತಾವೇ ಸಿದ್ಧಪಡಿಸಿಕೊಂಡಿದ್ದರು. ಈ ನಕಾಶೆಯನ್ನು ಕಂಡ ಸೈನ್ಯದ ಎಂಜಿನಿಯರ್ ಅಧಿಕಾರಿಯೊಬ್ಬರು ಯುವಕನನ್ನು ಮೆಜಿಯೇರ್‌ನಲ್ಲಿದ್ದ ರಾಜಮನೆತನದ ಸೈನಿಕ ಎಂಜಿನಿಯರಿಂಗ್ ಶಾಲೆಗೆ ಶಿಫಾರಸು ಮಾಡಿದರು.

ಮೆಜಿಯೇರ್ ಶಾಲೆ

ಮೆಜಿಯೇರ್ ಶಾಲೆಯ ಮುಖ್ಯ ವಿಭಾಗಕ್ಕೆ ಕುಲೀನ ವಂಶದ ಮಕ್ಕಳಿಗೆ ಮಾತ್ರ ಪ್ರವೇಶವಿತ್ತು. ಸಣ್ಣ ವ್ಯಾಪಾರಿಯ ಮಗನಾದ ಮೊಂಜ್ ಅಧಿಕಾರಿಯಾಗುವಂತಿರಲಿಲ್ಲ. ಆದ್ದರಿಂದ ನಕ್ಷೆ ಬರೆಯುವವರು, ಗಾರೆಯಲ್ಲಿ ಮಾದರಿ ಮಾಡುವವರು, ಕಲ್ಲು ಮತ್ತು ಮರ ಕೆತ್ತುವ ಮೇಸ್ತ್ರಿಗಳು ತಯಾರಾಗುತ್ತಿದ್ದ ಕೆಳದರ್ಜೆಯ ವಿಭಾಗದಲ್ಲಿ ಅವರಿಗೆ ಸ್ಥಾನ ದೊರೆಯಿತು. ಈ ತಾರತಮ್ಯದ ಕಹಿ ಅವರ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ಮುಂದೆ ಕ್ರಾಂತಿಯ ಪಕ್ಷವನ್ನು ಅವರು ಹಿಂಜರಿಕೆಯಿಲ್ಲದೆ ಹಿಡಿದುದಕ್ಕೆ ಇದೂ ಒಂದು ಕಾರಣವೆನ್ನಬಹುದು.

ಅಲ್ಲಿ ಸೇರಿದ ಸ್ವಲ್ಪ ಕಾಲದಲ್ಲೇ ಕೋಟೆಯೊಂದರ ವಿನ್ಯಾಸದ ಲೆಕ್ಕವನ್ನು ಅವರಿಗೆ ಒಪ್ಪಿಸಲಾಯಿತು. ಸುತ್ತಲಿನ ದಿಣ್ಣೆಗಳಿಂದ ಶತ್ರು ಹಾರಿಸುವ ಗುಂಡು ಕೋಟೆಯೊಳಗಿನವರಿಗೆ ತಗುಲದಂತೆ ಗೋಡೆಗಳ ಎತ್ತರವನ್ನು ನಿರ್ಧರಿಸುವುದು ಆ ಸಮಸ್ಯೆ. ಆಗ ರೂಢಿಯಲ್ಲಿದ್ದ ಕ್ರಮದಲ್ಲಿ ಅಂಕಗಣಿತದ ದೀರ್ಘ ಲೆಕ್ಕಗಳನ್ನು ಮಾಡಬೇಕಾಗುತ್ತಿತ್ತು. ಮೊಂಜ್ ಅದನ್ನು ರೇಖಾಚಿತ್ರದಿಂದಲೇ ಬಿಡಿಸಿ ಬಹಳ ಬೇಗ ಉತ್ತರವನ್ನು ತಂದರು. ಅಷ್ಟು ಕಡಿಮೆ ಸಮಯದಲ್ಲಿ ಲೆಕ್ಕ ಮುಗಿದಿರಲಾರದೆಂದು ಮೇಲಧಿಕಾರಿ ಮೊದಲಿಗೆ ಅದನ್ನು ಪರಿಶೀಲಿಸಲೂ ಒಪ್ಪಲಿಲ್ಲ. ಕೊನೆಗೆ ಪರಿಶೀಲಿಸಿದಾಗ ವಿಧಾನವು ಸರಿಯಾಗಿಯೂ ಸರ್ವತ್ರ ಅನ್ವಯಿಸುವಂತೆಯೂ ಇದ್ದುದು ತಿಳಿದುಬಂತು. ಕೂಡಲೇ ಅದನ್ನು ಸೈನ್ಯದ ರಹಸ್ಯವೆಂದು ಸಾರಲಾಯಿತು. ಸುಮಾರು ಮೂವತ್ತು ವರ್ಷಗಳ ಕಾಲ ಮೊಂಜ್ ತಮ್ಮ ಅತಿ ಮುಖ್ಯ ಶೋಧವನ್ನು ಶಾಲೆಯ ಗೋಡೆಗಳಾಚೆ ಪ್ರಕಟಿಸುವಂತಾಗಲಿಲ್ಲ.

೧೭೬೯ರಲ್ಲಿ ಅವರು ಬೊಸ್ಸ್ಯೂ ಅವರ ಸ್ಥಾನದಲ್ಲಿ ಗಣಿತದ ಪ್ರಾಧ್ಯಾಪಕರಾದರು. ಸ್ವಲ್ಪ ಕಾಲಾನಂತರ ಭೌತವಿಜ್ಞಾನದ ಬೋಧನೆಯೂ ಅವರ ಪಾಲಿಗೆ ಬಂತು. ಯಾವ ತರಗತಿಯಲ್ಲಿ ಕುಳಿತು ಕಲಿಯುವ ಅರ್ಹತೆ ತಮಗಿಲ್ಲವೆಂದು ಹೇಳಲಾಗಿತ್ತೋ ಅದೇ ತರಗತಿಗೆ ಈಗ ಅವರು ಗುರುಗಳು. ಲಝಾರ್ ಕಾರ್ನೋ, ಜಾನ್ ಬ್ಯಾಪ್ಟಿಸ್ಟ್ ಮೆನಿಯೇ ಮುಂತಾದವರು ಅವರ ಶಿಷ್ಯರಾಗಿದ್ದರು. ೧೭೭೭ರಲ್ಲಿ ಮೊಂಜ್ ಅವರು ಕ್ಯಾಥರೀನ್ ಉವಾರ್ ಎಂಬ ವಿಧವೆಯನ್ನು ವಿವಾಹವಾದರು. ಆಕೆಗೆ ಸೇರಿದ್ದ ಕಬ್ಬಿಣದ ಕುಲುಮೆಯ ಮೂಲಕ ಅವರಿಗೆ ಲೋಹವಿದ್ಯೆಯಲ್ಲಿ ಆಸಕ್ತಿ ಬೆಳೆಯಿತು.

ವಿವರಣಾತ್ಮಕ ಜ್ಯಾಮಿತಿ

ಮೊಂಜ್ ಅವರ ವಿಧಾನದ ತಿರುಳು ಸರಳವಾದುದು. ವಸ್ತುವಿನ ಪ್ರತಿಯೊಂದು ಬಿಂದುವಿನಿಂದ ಒಂದು ಸಮತಟ್ಟಾದ ಸಮತಲಕ್ಕೂ ಒಂದು ನೇರವಾಗಿ ನಿಂತ ಸಮತಲಕ್ಕೂ ಲಂಬಗಳನ್ನು ಎಳೆದರೆ ಎರಡು ಪ್ರಕ್ಷೇಪಗಳು ದೊರೆಯುತ್ತವೆ. ಎರಡು ಸಮತಲಗಳು ಕೂಡುವ ರೇಖೆಯನ್ನು ಬಾಗಿಲಿನ ಕೀಲಿನಂತೆ ಭಾವಿಸಿ, ನಿಂತ ಸಮತಲವನ್ನು ಹಿಂದಕ್ಕೆ ಮಲಗಿಸಿದರೆ ಎರಡೂ ಚಿತ್ರಗಳು ಒಂದೇ ಹಾಳೆಯ ಮೇಲೆ ಬರುತ್ತವೆ. ಅಲ್ಲಿಂದ ಮುಂದೆ ಉದ್ದ, ಕೋನ, ಛೇದನ ಎಲ್ಲವನ್ನೂ ಅಳತೆಪಟ್ಟಿ ಮತ್ತು ಕೈವಾರದಿಂದಲೇ ಕಂಡುಹಿಡಿಯಬಹುದು. ಪ್ರಕ್ಷೇಪಗಳನ್ನು ಬಿಡಿಬಿಡಿಯಾಗಿ ಕಲ್ಲುಕುಟಿಗರೂ ಬಡಗಿಗಳೂ ಮೊದಲೇ ಬಳಸುತ್ತಿದ್ದರು. ಅವುಗಳ ಹಿಂದಿನ ತತ್ತ್ವವನ್ನು ಬೇರ್ಪಡಿಸಿ, ಎಲ್ಲ ಕಸುಬುಗಳಿಗೂ ಸಲ್ಲುವ ಒಂದೇ ಶಾಸ್ತ್ರವನ್ನಾಗಿ ಮಾಡಿದ್ದು ಮೊಂಜ್ ಅವರ ಸಾಧನೆ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ರೇಖಾಚಿತ್ರದ ಪಾಠದಲ್ಲಿ ಒಂದು ಅಡ್ಡಗೆರೆ ಎಳೆದು, ಅದರ ಮೇಲೆ ಎದುರುನೋಟವನ್ನೂ ಕೆಳಗೆ ಮೇಲುನೋಟವನ್ನೂ ಬರೆಯುವುದು ಇದೇ ವಿಧಾನದಿಂದ ಬಂದುದು.

ವಕ್ರ ಮೇಲ್ಮೈಗಳು ಒಂದನ್ನೊಂದು ಛೇದಿಸುವ ಸಮಸ್ಯೆಗಳಲ್ಲಿ ಈ ವಿಧಾನದ ಬಲ ಚೆನ್ನಾಗಿ ಕಾಣುತ್ತದೆ. ಒಂದು ಶಂಕು ಮತ್ತು ಒಂದು ಸಿಲಿಂಡರ್‌ನಂತಹ ಎರಡು ಪರಿಭ್ರಮಣ ಮೇಲ್ಮೈಗಳ ಅಕ್ಷಗಳು ಒಂದು ಬಿಂದುವಿನಲ್ಲಿ ಕೂಡುತ್ತವೆಂದು ಭಾವಿಸೋಣ. ಆ ಬಿಂದುವನ್ನು ಕೇಂದ್ರವಾಗಿಟ್ಟು ಒಂದು ಗೋಳವನ್ನು ಕಲ್ಪಿಸಿದರೆ ಅದು ಎರಡೂ ಮೇಲ್ಮೈಗಳನ್ನು ವೃತ್ತಗಳಲ್ಲಿ ಕತ್ತರಿಸುತ್ತದೆ. ಎರಡು ಅಕ್ಷಗಳೂ ಇರುವ ಸಮತಲದ ಮೇಲೆ ಆ ವೃತ್ತಗಳ ಪ್ರಕ್ಷೇಪಗಳು ಕೇವಲ ಸರಳರೇಖೆಗಳು. ಅವು ಸಂಧಿಸುವ ಕಡೆ ಬೇಕಾದ ಬಿಂದು ಸಿಗುತ್ತದೆ. ಗೋಳದ ತ್ರಿಜ್ಯವನ್ನು ಬದಲಿಸುತ್ತ ಹೋದರೆ ಛೇದನರೇಖೆ ಪೂರ್ತಿಯಾಗಿ ಮೂಡುತ್ತದೆ. ಸಮೀಕರಣವನ್ನೇ ಬರೆಯದೆ ಇಷ್ಟು ಸಾಧ್ಯವಾಗುತ್ತದೆ.

ಮೇಲ್ಮೈಗಳ ಅಧ್ಯಯನ

ಮೊಂಜ್ ಅವರ ಗಣಿತದಲ್ಲಿ ಚಿತ್ರ ಮತ್ತು ಸಮೀಕರಣ ಬೇರೆಬೇರೆಯಲ್ಲ. ಒಂದು ರೇಖೆ ಚಲಿಸಿದಾಗ ಮೇಲ್ಮೈ ಹುಟ್ಟುತ್ತದೆ. ಆ ಚಲನೆಯ ನಿಯಮವನ್ನೇ ಆಂಶಿಕ ಅವಕಲನ ಸಮೀಕರಣವಾಗಿ ಬರೆಯಬಹುದು. ಸರಳರೇಖೆಯೊಂದು ತನಗೆ ಸಮಾಂತರವಾಗಿ ಚಲಿಸಿದರೆ ಸಿಲಿಂಡರ್ ವರ್ಗದ ಮೇಲ್ಮೈಗಳು, ಒಂದು ಸ್ಥಿರ ಬಿಂದುವಿನ ಮೂಲಕ ಹಾಯುತ್ತ ಚಲಿಸಿದರೆ ಶಂಕು ವರ್ಗದವು, ಒಂದು ವಕ್ರರೇಖೆ ಅಕ್ಷದ ಸುತ್ತ ತಿರುಗಿದರೆ ಪರಿಭ್ರಮಣ ಮೇಲ್ಮೈಗಳು ಉಂಟಾಗುತ್ತವೆ. ಒಂದೊಂದು ವರ್ಗದಲ್ಲಿಯೂ ಎಣಿಕೆಗೆ ನಿಲುಕದಷ್ಟು ಮೇಲ್ಮೈಗಳಿದ್ದರೂ ಇಡೀ ವರ್ಗಕ್ಕೆ ಸಮೀಕರಣ ಒಂದೇ.

ಪರಿಭ್ರಮಣ ಮೇಲ್ಮೈಗಳ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಮೊಂಜ್ ಅವರು ಮೂರು ಲಂಬ ಅಕ್ಷಗಳ ನಿರ್ದೇಶಾಂಕಗಳಲ್ಲಿಯೇ ಕೆಲಸ ಮಾಡಿದರು. ಅಲ್ಲಿ ಈ ವರ್ಗದ ಸಮೀಕರಣದಲ್ಲಿ ಎರಡು ಆಂಶಿಕ ಅವಕಲಗಳೂ ಎರಡು ಚರಗಳೂ ಹೆಣೆದುಕೊಂಡಿರುತ್ತವೆ. ಇಂದಿನ ವಿದ್ಯಾರ್ಥಿಗಳು ಬಳಸುವ ಸಿಲಿಂಡರಾಕಾರದ ನಿರ್ದೇಶಾಂಕಗಳಲ್ಲಿ ಒಂದು ಬಿಂದುವನ್ನು ಅಕ್ಷದಿಂದ ಅದರ ದೂರ (ತ್ರಿಜ್ಯ), ಅಕ್ಷದ ಸುತ್ತಲಿನ ಕೋನ ಮತ್ತು ಎತ್ತರ ಎಂಬ ಮೂರು ಸಂಖ್ಯೆಗಳಿಂದ ಗುರುತಿಸುತ್ತಾರೆ. ಈ ಭಾಷೆಯಲ್ಲಿ ಮೊಂಜ್ ಅವರ ಸಮೀಕರಣದ ಅರ್ಥ ಇಷ್ಟೇ: ಕೋನ ಬದಲಾದರೆ ಎತ್ತರ ಬದಲಾಗದು. ಅದರ ಪರಿಹಾರವೂ ತಾನಾಗಿಯೇ ಹೊಳೆಯುತ್ತದೆ. ಎತ್ತರವು ತ್ರಿಜ್ಯವೊಂದನ್ನೇ ಅವಲಂಬಿಸಿದ ಯಾವುದೇ ಉತ್ಪನ್ನ. ಎತ್ತರವು ತ್ರಿಜ್ಯಕ್ಕೆ ಅನುಪಾತದಲ್ಲಿದ್ದರೆ ಶಂಕು, ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿದ್ದರೆ ಪರವಲಯದ ಬಟ್ಟಲು.

ಆದರೆ ಎತ್ತರವನ್ನು ತ್ರಿಜ್ಯದ ಉತ್ಪನ್ನವೆಂದು ಬರೆಯಲು ಎಲ್ಲ ಕಡೆಯೂ ಆಗುವುದಿಲ್ಲ. ನೆಟ್ಟಗೆ ನಿಂತ ಸಿಲಿಂಡರಿನಲ್ಲಿ ತ್ರಿಜ್ಯ ಒಂದೇ, ಎತ್ತರಗಳು ಅನೇಕ. ಬಳೆಯಾಕಾರದ ಟೋರಸ್‌ನಲ್ಲಿ ಒಂದೇ ತ್ರಿಜ್ಯಕ್ಕೆ ಮೇಲೊಂದು ಕೆಳಗೊಂದು ಎಂದು ಎರಡು ಎತ್ತರಗಳಿವೆ. ಇಂತಹ ಕಡೆ ಎರಡು ಸ್ವತಂತ್ರ ಪ್ರಾಚಲಗಳನ್ನು ಆರಿಸಿಕೊಂಡು, ಮೂರು ನಿರ್ದೇಶಾಂಕಗಳನ್ನೂ ಅವುಗಳ ಮೂಲಕ ಹೇಳಬೇಕಾಗುತ್ತದೆ. ಸಿಲಿಂಡರಿಗೆ ಕೋನ ಮತ್ತು ಎತ್ತರಗಳೇ ಪ್ರಾಚಲಗಳು. ಟೋರಸ್‌ಗೆ ಎರಡು ಕೋನಗಳು ಬೇಕು: ಒಂದು ಅಕ್ಷದ ಸುತ್ತಲಿನದು, ಇನ್ನೊಂದು ಬಳೆಯ ಅಡ್ಡಕೊಯ್ತದ ವೃತ್ತದ ಮೇಲಿನದು. ಎರಡನೆಯ ಕೋನದ ಕೊಸೈನನ್ನು ಅಡ್ಡಕೊಯ್ತದ ತ್ರಿಜ್ಯದಿಂದ ಗುಣಿಸಿ ಬಳೆಯ ತ್ರಿಜ್ಯಕ್ಕೆ ಕೂಡಿಸಿದರೆ ಅಕ್ಷದಿಂದ ದೂರವೂ, ಅದರ ಸೈನನ್ನು ಹಾಗೆಯೇ ಗುಣಿಸಿದರೆ ಎತ್ತರವೂ ಸಿಗುತ್ತವೆ. ಹೀಗೆ ಎರಡು ಪ್ರಾಚಲಗಳಿಂದ ಮೇಲ್ಮೈಗಳನ್ನು ಬರೆಯುವ ಕ್ರಮವನ್ನು ಆಯ್ಲರ್ ಆಗಲೇ ಬಳಸಿದ್ದರು. ೧೮೨೭ರಲ್ಲಿ ಗೌಸ್ ಅದನ್ನು ಮೇಲ್ಮೈಗಳ ಸಾಮಾನ್ಯ ಸಿದ್ಧಾಂತದ ಅಡಿಪಾಯವನ್ನಾಗಿ ಮಾಡಿದರು.

ವಕ್ರತಾ ರೇಖೆಗಳ ಕಲ್ಪನೆಯು ಮೊಂಜ್ ಅವರ ಮತ್ತೊಂದು ಮಹತ್ತ್ವದ ಕೊಡುಗೆ. ಮೇಲ್ಮೈಯ ಪ್ರತಿ ಬಿಂದುವಿನಲ್ಲೂ ಅದು ಅತಿ ಹೆಚ್ಚಾಗಿ ಬಾಗುವ ಒಂದು ದಿಕ್ಕೂ ಅತಿ ಕಡಿಮೆ ಬಾಗುವ ಒಂದು ದಿಕ್ಕೂ ಇರುತ್ತವೆ. ಅವು ಪರಸ್ಪರ ಲಂಬವಾಗಿರುತ್ತವೆ. ಆ ದಿಕ್ಕುಗಳನ್ನು ಹಿಡಿದು ಸಾಗಿದರೆ ಮೇಲ್ಮೈಯ ಮೇಲೆ ಎರಡು ಬಗೆಯ ರೇಖೆಗಳ ಬಲೆ ಮೂಡುತ್ತದೆ. ಪರಿಭ್ರಮಣ ಮೇಲ್ಮೈಗಳಲ್ಲಿ ಈ ಬಲೆಯನ್ನು ಹುಡುಕಬೇಕಾದ ಅಗತ್ಯವಿಲ್ಲ. ಕೋನವನ್ನು ಸ್ಥಿರವಾಗಿಟ್ಟಾಗ ದೊರೆಯುವ ಉದ್ದಗೆರೆಗಳು ಮತ್ತು ಎತ್ತರವನ್ನು ಸ್ಥಿರವಾಗಿಟ್ಟಾಗ ದೊರೆಯುವ ವೃತ್ತಗಳೇ ವಕ್ರತಾ ರೇಖೆಗಳು. ಎಲಿಪ್ಸಾಯ್ಡ್‌ನಂತಹ ಮೇಲ್ಮೈಯಲ್ಲಿ ಅದು ಅಷ್ಟು ಸುಲಭವಲ್ಲ. ೧೭೯೦ರ ದಶಕದಲ್ಲಿ ಮೊಂಜ್ ಅದನ್ನು ಬಿಡಿಸಿ, ಶಾಸನಸಭೆಯ ಕಟ್ಟಡಕ್ಕೆ ಎಲಿಪ್ಸಾಯ್ಡ್ ಆಕಾರದ ಕಮಾನುಛಾವಣಿಯನ್ನು ಕಟ್ಟಿ ಕಲ್ಲಿನ ಸಂದುಗಳನ್ನು ಈ ರೇಖೆಗಳ ಮೇಲೆ ಇಡಬೇಕೆಂದು ಸೂಚಿಸಿದರು. ಇದು ಅಲಂಕಾರಕ್ಕಾಗಿ ಮಾಡಿದ ಸೂಚನೆಯಲ್ಲ. ವಕ್ರತಾ ರೇಖೆಯ ಉದ್ದಕ್ಕೂ ಮೇಲ್ಮೈಗೆ ಲಂಬವಾಗಿ ನಿಲ್ಲುವ ರೇಖೆಗಳು ಸೇರಿ, ಚಪ್ಪಟೆಯಾಗಿ ಬಿಡಿಸಬಹುದಾದ ಮೇಲ್ಮೈಯಾಗುತ್ತವೆ. ಹಾಗಾಗಿ ಕಲ್ಲಿನ ಬದಿಗಳನ್ನು ಕೆತ್ತುವುದು ಸುಲಭ, ಮೂಲೆಗಳೂ ಲಂಬಕೋನದಲ್ಲಿರುವುದರಿಂದ ಮುರಿಯುವ ಭಯ ಕಡಿಮೆ.

ಶಿಷ್ಯ ಮೆನಿಯೇ ಮೆಜಿಯೇರ್‌ಗೆ ಬಂದ ಹೊಸತರಲ್ಲಿ ಮೊಂಜ್ ಅವರು ಮೇಲ್ಮೈಗಳ ವಕ್ರತೆಯ ಕುರಿತ ಆಯ್ಲರ್ ಅವರ ಫಲಿತಾಂಶವನ್ನು ಆತನ ಮುಂದಿಟ್ಟರೆಂದೂ, ಆತ ಬೇರೊಂದು ದಾರಿಯ ಸಾಧನೆಯೊಂದಿಗೆ ಬಲುಬೇಗ ಮರಳಿದನೆಂದೂ ಹೇಳಲಾಗುತ್ತದೆ. ೧೭೭೬ರಲ್ಲಿ ವಿಜ್ಞಾನ ಅಕಾಡೆಮಿಯ ಮುಂದೆ ಓದಲಾದ, ೧೭೮೫ರಲ್ಲಿ ಅಚ್ಚಾದ ತನ್ನ ಏಕೈಕ ಗಣಿತ ಪ್ರಬಂಧದಲ್ಲಿ ಮೆನಿಯೇ ಕನಿಷ್ಠ ಮೇಲ್ಮೈಗಳ ಎರಡು ಉದಾಹರಣೆಗಳನ್ನು ಕೊಟ್ಟನು. ಒಂದು, ತೂಗುಬಿಟ್ಟ ಸರಪಳಿಯ ವಕ್ರರೇಖೆಯನ್ನು ಅಕ್ಷದ ಸುತ್ತ ತಿರುಗಿಸಿದಾಗ ಬರುವ ಕ್ಯಾಟನಾಯ್ಡ್. ಇದನ್ನು ಆಯ್ಲರ್ ೧೭೪೪ರಲ್ಲೇ ಕಂಡಿದ್ದರು. ಇನ್ನೊಂದು, ಸುರುಳಿ ಮೆಟ್ಟಿಲಿನ ಆಕಾರದ ಹೆಲಿಕಾಯ್ಡ್. ಸಿಲಿಂಡರಾಕಾರದ ನಿರ್ದೇಶಾಂಕಗಳಲ್ಲಿ ಇದರ ಸಮೀಕರಣ ಅತ್ಯಂತ ಚಿಕ್ಕದು:

ಎತ್ತರ = ಸ್ಥಿರಾಂಕ × ಕೋನ

ತ್ರಿಜ್ಯಕ್ಕೆ ಯಾವ ಕಟ್ಟುಪಾಡೂ ಇಲ್ಲ. ಆದ್ದರಿಂದ ತ್ರಿಜ್ಯ ಮತ್ತು ಕೋನಗಳನ್ನೇ ಪ್ರಾಚಲಗಳನ್ನಾಗಿ ಇಟ್ಟುಕೊಂಡು ಚಿತ್ರ ಬರೆಯಬಹುದು. ಕೋನವನ್ನು ಹಿಡಿದಿಟ್ಟು ತ್ರಿಜ್ಯವನ್ನು ಬದಲಿಸಿದರೆ ಅಕ್ಷವನ್ನು ಛೇದಿಸುವ ಅಡ್ಡ ಸರಳರೇಖೆ, ತ್ರಿಜ್ಯವನ್ನು ಹಿಡಿದಿಟ್ಟು ಕೋನವನ್ನು ಬದಲಿಸಿದರೆ ಮೇಲೇರುವ ಸುರುಳಿ. ಈ ಮೇಲ್ಮೈಯಲ್ಲಿ ಇವು ವಕ್ರತಾ ರೇಖೆಗಳಲ್ಲ. ವಕ್ರತಾ ರೇಖೆಗಳು ಇವನ್ನು ೪೫ ಡಿಗ್ರಿ ಕೋನದಲ್ಲಿ ದಾಟುತ್ತವೆ. ಪರಿಭ್ರಮಣ ಮೇಲ್ಮೈಗೆ ಒಗ್ಗಿದ ನಿರ್ದೇಶಾಂಕಗಳು ಚಿತ್ರ ಬರೆಯಲು ಹೆಲಿಕಾಯ್ಡಿಗೂ ಒಗ್ಗುತ್ತವೆ, ಆದರೆ ವಕ್ರತೆಯನ್ನು ತೋರಿಸುವುದಿಲ್ಲ. ಕ್ಯಾಟನಾಯ್ಡನ್ನು ಒಂದು ಉದ್ದಗೆರೆಯ ಮೇಲೆ ಸೀಳಿ, ಎಲ್ಲಿಯೂ ಹಿಗ್ಗಿಸದೆ ಬಾಗಿಸಿದರೆ ಅದು ಹೆಲಿಕಾಯ್ಡಿನ ಒಂದು ಸುತ್ತಾಗುತ್ತದೆಂಬುದು ಅನಂತರ ತಿಳಿದುಬಂದ ಸಂಗತಿ. ಮೆನಿಯೇ ಸೈನ್ಯದಲ್ಲಿ ಸೇನಾಪತಿಯಾಗಿ ೧೭೯೩ರಲ್ಲಿ ಮೈನ್ಸ್ ಮುತ್ತಿಗೆಯಲ್ಲಿ ಗಾಯಗೊಂಡು ಮರಣ ಹೊಂದಿದನು.

ಕನಿಷ್ಠ ಮೇಲ್ಮೈಗಳ ಸಮೀಕರಣವನ್ನು ಸಾಮಾನ್ಯವಾಗಿ ಬಿಡಿಸಲು ಮೊಂಜ್ ಅವರೂ ಪ್ರಯತ್ನಿಸಿದರು. ಅವರ ತರ್ಕದಲ್ಲಿ ಲೋಪವಿತ್ತು. ಅದನ್ನು ಸರಿಪಡಿಸಿದವರು ಲೆಜಾಂಡ್ರ್. ಮೊಂಜ್ ಅವರ ಬರಹದಲ್ಲಿ ಇಂತಹ ಸಡಿಲಿಕೆಗಳು ಅಲ್ಲಲ್ಲಿ ಇವೆ. ಕಣ್ಣಿಗೆ ಕಂಡದ್ದನ್ನು ಅವರು ಎಷ್ಟೋ ವೇಳೆ ಸಾಧಿಸದೆಯೇ ಮುಂದುವರಿಯುತ್ತಿದ್ದರು.

ಮಣ್ಣು ಅಗೆದು ಬೇರೆಡೆಗೆ ಸಾಗಿಸುವ ಕೆಲಸವನ್ನು ಅತಿ ಕಡಿಮೆ ಶ್ರಮದಲ್ಲಿ ಮಾಡುವುದು ಹೇಗೆಂಬ ಕುರಿತು ಅವರು ಬರೆದ ಪ್ರಬಂಧವೂ (೧೭೮೧) ಕೋಟೆ ಕಟ್ಟುವ ಕೆಲಸದಿಂದಲೇ ಹುಟ್ಟಿದ್ದು. ೨೦ನೆಯ ಶತಮಾನದಲ್ಲಿ ರಷ್ಯದ ಕಾಂಟೊರೊವಿಚ್ ಅದೇ ಬಗೆಯ ಪ್ರಶ್ನೆಯನ್ನು ಹೊಸ ರೂಪದಲ್ಲಿ ಎತ್ತಿಕೊಂಡ ಮೇಲೆ ಅದು ಅರ್ಥಶಾಸ್ತ್ರಕ್ಕೂ ಹಬ್ಬಿತು.

ಪ್ಯಾರಿಸ್ ಮತ್ತು ಕ್ರಾಂತಿ

೧೭೮೦ರಲ್ಲಿ ಮೊಂಜ್ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ೧೭೮೩ರಲ್ಲಿ ನೌಕಾಪಡೆಯ ಅಭ್ಯರ್ಥಿಗಳ ಪರೀಕ್ಷಕರಾಗಿ ನೇಮಕಗೊಂಡು, ಮರುವರ್ಷ ಮೆಜಿಯೇರ್ ಶಾಲೆಯನ್ನು ಬಿಟ್ಟರು. ನೀರಿನ ಸಂಯೋಜನೆಯ ಬಗ್ಗೆ ಪ್ರಯೋಗಗಳನ್ನು ನಡೆಸಿದರು. ಬರ್ತೊಲೆ ಮತ್ತು ವಾಂಡರ್ಮಾಂಡ್ ಅವರೊಂದಿಗೆ ಕಬ್ಬಿಣ ಮತ್ತು ಉಕ್ಕಿನ ವ್ಯತ್ಯಾಸಕ್ಕೆ ಇಂಗಾಲವೇ ಕಾರಣವೆಂದು ತೋರಿಸಿದರು. ಹೊಸ ಅಳತೆ ಮತ್ತು ತೂಕಗಳ ಸಮಿತಿಯಲ್ಲಿಯೂ ಇದ್ದರು.

೧೭೯೨ರ ಆಗಸ್ಟ್‌ನಲ್ಲಿ ರಾಜಪ್ರಭುತ್ವ ಉರುಳಿದಾಗ ಅವರು ನೌಕಾ ಮಂತ್ರಿಯಾದರು. ರಾಜ ಹದಿನಾರನೆಯ ಲೂಯಿಯ ಮರಣದಂಡನೆ ಜಾರಿಯಾದದ್ದು ಅವರೂ ಸದಸ್ಯರಾಗಿದ್ದ ಕಾರ್ಯಾಂಗ ಮಂಡಳಿಯ ಅವಧಿಯಲ್ಲಿ. ಈ ಸಂಗತಿಯನ್ನು ಅವರ ವಿರೋಧಿಗಳು ಮರೆಯಲಿಲ್ಲ. ಮಂತ್ರಿಯಾಗಿ ಅವರು ಹೇಳಿಕೊಳ್ಳುವಂತಹ ಯಶಸ್ಸನ್ನು ಪಡೆಯಲಿಲ್ಲ, ೧೭೯೩ರ ಏಪ್ರಿಲ್‌ನಲ್ಲಿ ಹುದ್ದೆಯನ್ನು ತೊರೆದರು. ಯುರೋಪಿನ ಹಲವು ಸೈನ್ಯಗಳು ಫ್ರಾನ್ಸನ್ನು ಸುತ್ತುವರಿದಿದ್ದ ಆ ದಿನಗಳಲ್ಲಿ ಅವರು ಹೆಚ್ಚು ಉಪಯುಕ್ತರಾದದ್ದು ಕಾರ್ಖಾನೆಗಳಲ್ಲಿ. ಮಣ್ಣಿನಿಂದ ಪೆಟ್ಲುಪ್ಪನ್ನು ತೆಗೆಯುವುದು, ಮದ್ದು ತಯಾರಿಸುವುದು, ಫಿರಂಗಿ ಎರಕ ಹೊಯ್ಯುವುದು ಇವನ್ನು ಸಾಮಾನ್ಯ ಕೆಲಸಗಾರರಿಗೆ ಕಲಿಸುವ ಏರ್ಪಾಡಿನಲ್ಲಿ ಅವರು ಹಗಲಿರುಳು ದುಡಿದರು. ಫಿರಂಗಿಗಳ ತಯಾರಿಕೆಯ ಬಗ್ಗೆ ಚಿತ್ರಪಟಗಳ ಸಹಿತ ಗ್ರಂಥವೊಂದನ್ನೂ ಬರೆದರು.

ಎಕೋಲ್ ಪಾಲಿಟೆಕ್ನಿಕ್

೧೭೯೪ರಲ್ಲಿ ಸ್ಥಾಪನೆಯಾಗಿ ಮರುವರ್ಷ ಎಕೋಲ್ ಪಾಲಿಟೆಕ್ನಿಕ್ ಎಂಬ ಹೆಸರು ಪಡೆದ ಶಾಲೆಯ ಪಠ್ಯಕ್ರಮವನ್ನು ರೂಪಿಸಿದವರಲ್ಲಿ ಮೊಂಜ್ ಪ್ರಮುಖರು. ಅಲ್ಲಿ ಪ್ರವೇಶಕ್ಕೆ ವಂಶವನ್ನು ಕೇಳುತ್ತಿರಲಿಲ್ಲ, ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಕಿತ್ತು. ೧೭೯೫ರಲ್ಲಿ ಅಧ್ಯಾಪಕರ ತರಬೇತಿಗಾಗಿ ತೆರೆದ ಎಕೋಲ್ ನಾರ್ಮಲ್‌ನಲ್ಲಿ ಅವರು ವಿವರಣಾತ್ಮಕ ಜ್ಯಾಮಿತಿಯನ್ನು ಮೊದಲ ಬಾರಿಗೆ ಬಹಿರಂಗವಾಗಿ ಬೋಧಿಸಿದರು. ಸೈನ್ಯದ ರಹಸ್ಯ ಕೊನೆಗೂ ಸಾರ್ವಜನಿಕರ ಸೊತ್ತಾಯಿತು. ಶೀಘ್ರಲಿಪಿಕಾರರು ಬರೆದುಕೊಂಡ ಆ ಉಪನ್ಯಾಸಗಳು ೧೭೯೯ರಲ್ಲಿ ಪುಸ್ತಕವಾದವು. ಮೇಲ್ಮೈಗಳ ಪಾಠಗಳು ಬಿಡಿ ಹಾಳೆಗಳಲ್ಲಿ ಅಚ್ಚಾಗಿ, ೧೮೦೭ರಲ್ಲಿ ಜ್ಯಾಮಿತಿಗೆ ವಿಶ್ಲೇಷಣೆಯ ಅನ್ವಯ ಎಂಬ ಅರ್ಥದ ಹೆಸರಿನ ಗ್ರಂಥವಾದವು.

ಮೊಂಜ್ ಉತ್ತಮ ವಾಗ್ಮಿಗಳಾಗಿರಲಿಲ್ಲ. ಮಾತು ಸಾಲದಾದಾಗ ಕೈಗಳಿಂದ ಗಾಳಿಯಲ್ಲಿ ಮೇಲ್ಮೈಗಳ ಆಕಾರವನ್ನು ತೋರಿಸುತ್ತಿದ್ದರು, ವಿದ್ಯಾರ್ಥಿಗಳಿಗೆ ಅದರಿಂದಲೇ ವಿಷಯ ತಿಳಿಯುತ್ತಿತ್ತೆಂದು ಶಿಷ್ಯರು ನೆನೆದಿದ್ದಾರೆ. ದ್ಯುಪ್ಯಾಂ, ಮಾಲ್ಯು, ಬ್ರಿಯಾಂಶೋಂ, ಪೋನ್ಸಲೆ ಮೊದಲಾದವರು ಈ ಶಾಲೆಯಿಂದ ಬಂದವರು. ೧೮೦೪ರಲ್ಲಿ ನೆಪೋಲಿಯನ್ ಶಾಲೆಯನ್ನು ಸೈನಿಕ ಶಿಸ್ತಿಗೆ ಒಳಪಡಿಸಿದಾಗ ಮೊಂಜ್ ಅದನ್ನು ವಿರೋಧಿಸಿದರು. ಶುಲ್ಕವನ್ನು ವಿಧಿಸಿದಾಗ ಬಡ ವಿದ್ಯಾರ್ಥಿಗಳಿಗಾಗಿ ತಮ್ಮ ವೇತನವನ್ನು ಬಿಟ್ಟುಕೊಟ್ಟರು.

ನೆಪೋಲಿಯನ್ ಮತ್ತು ಈಜಿಪ್ಟ್

೧೭೯೬ರಲ್ಲಿ ಇಟಲಿಯಿಂದ ಕಲಾಕೃತಿಗಳನ್ನು ಆರಿಸಿ ಫ್ರಾನ್ಸಿಗೆ ಸಾಗಿಸುವ ಆಯೋಗದ ಸದಸ್ಯರಾಗಿ ಹೋದಾಗ ಮೊಂಜ್ ಅವರಿಗೆ ನೆಪೋಲಿಯನ್ ಆಪ್ತನಾದನು. ಸೋತ ನಾಡಿನ ಸಂಪತ್ತನ್ನು ಹೊತ್ತೊಯ್ದ ಆ ಕೆಲಸ ಅವರ ಕೀರ್ತಿಯನ್ನು ಹೆಚ್ಚಿಸುವಂತಹುದಲ್ಲ. ೧೭೯೮ರಲ್ಲಿ ಈಜಿಪ್ಟಿನ ದಂಡಯಾತ್ರೆಯಲ್ಲಿ ವಿದ್ವಾಂಸರ ತಂಡದೊಂದಿಗೆ ತೆರಳಿ, ಕೈರೋದಲ್ಲಿ ಸ್ಥಾಪಿತವಾದ ಈಜಿಪ್ಟ್ ಸಂಸ್ಥೆಯ ಮೊದಲ ಅಧ್ಯಕ್ಷರಾದರು. ಮರುಭೂಮಿಯಲ್ಲಿ ನಡೆಯುತ್ತಿದ್ದ ಬಾಯಾರಿದ ಸೈನಿಕರಿಗೆ ದೂರದಲ್ಲಿ ಕೆರೆಗಳು ಕಾಣಿಸಿ ಹತ್ತಿರ ಹೋದಂತೆ ಮಾಯವಾಗುತ್ತಿದ್ದವು. ಕಾದ ಮರಳಿನ ಮೇಲಿನ ಬಿಸಿಗಾಳಿಯ ಪದರದಲ್ಲಿ ಬೆಳಕಿನ ಹಾದಿ ಬದಲಾಗುವುದೇ ಈ ಮರೀಚಿಕೆಗೆ ಕಾರಣವೆಂದು ಮೊಂಜ್ ವಿವರಿಸಿದರು.

೧೭೯೯ರಲ್ಲಿ ನೆಪೋಲಿಯನ್ನನ ಜೊತೆಯಲ್ಲೇ ಮರಳಿದ ಅವರು ಸೆನೆಟ್ ಸದಸ್ಯರಾದರು, ೧೮೦೬ರಲ್ಲಿ ಅದರ ಅಧ್ಯಕ್ಷರಾದರು. ೧೮೦೮ರಲ್ಲಿ ಪೆಲ್ಯೂಸ್‌ನ ಕೌಂಟ್ ಎಂಬ ಪದವಿ ದೊರೆಯಿತು. ಕುಲೀನರಲ್ಲದ ಕಾರಣಕ್ಕೆ ಒಮ್ಮೆ ಅಪಮಾನ ಪಟ್ಟವರು ಕುಲೀನ ಪದವಿಯನ್ನು ಸ್ವೀಕರಿಸಿದ್ದನ್ನು ಕೆಲವರು ಆಕ್ಷೇಪಿಸಿದ್ದುಂಟು. ೧೮೦೯ರಲ್ಲಿ ಅನಾರೋಗ್ಯದ ಕಾರಣ ಬೋಧನೆಯನ್ನು ನಿಲ್ಲಿಸಿದರು.

ಕೊನೆಯ ದಿನಗಳು

೧೮೧೫ರಲ್ಲಿ ನೆಪೋಲಿಯನ್ ಪದಚ್ಯುತನಾಗಿ ಬೂರ್ಬನ್ ಅರಸರು ಮರಳಿ ಬಂದ ಮೇಲೆ ಮೊಂಜ್ ಅವರ ಸ್ಥಿತಿ ತಲೆಕೆಳಗಾಯಿತು. ೧೮೧೬ರಲ್ಲಿ ಅವರನ್ನೂ ಕಾರ್ನೋ ಅವರನ್ನೂ ರಾಷ್ಟ್ರೀಯ ವಿದ್ವತ್ ಸಂಸ್ಥೆಯಿಂದ ಹೊರಹಾಕಲಾಯಿತು. ಮೊಂಜ್ ಅವರ ಸ್ಥಾನಕ್ಕೆ ಚುನಾವಣೆಯಿಲ್ಲದೆ ನೇಮಕಗೊಂಡವರು ಯುವ ಗಣಿತಜ್ಞ ಕೋಶಿ. ಪ್ರತಿಭೆಯಲ್ಲಿ ಕೋಶಿ ಆ ಸ್ಥಾನಕ್ಕೆ ಅರ್ಹರೇ ಆಗಿದ್ದರೂ, ಅದನ್ನು ಒಪ್ಪಿಕೊಂಡ ರೀತಿ ಅನೇಕ ಸಹೋದ್ಯೋಗಿಗಳಿಗೆ ಸರಿಬರಲಿಲ್ಲ.

ರೋಗದಿಂದಲೂ ಅಪಮಾನದಿಂದಲೂ ಕುಗ್ಗಿದ ಮೊಂಜ್ ೧೮೧೮ರ ಜುಲೈ ೨೮ರಂದು ಪ್ಯಾರಿಸ್‌ನಲ್ಲಿ ನಿಧನರಾದರು. ಅಂತ್ಯಕ್ರಿಯೆಗೆ ಹೋಗಲು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಕೇಳಿದ ಅನುಮತಿಯನ್ನು ಸರ್ಕಾರ ನಿರಾಕರಿಸಿತು. ಅವರು ಆಜ್ಞೆಯನ್ನು ಮೀರಲಿಲ್ಲ. ಮುಂದಿನ ರಜೆಯ ದಿನ ಒಟ್ಟಾಗಿ ಪೆರ್ ಲಾಶೇಸ್ ಸ್ಮಶಾನಕ್ಕೆ ನಡೆದು ಗುರುವಿನ ಸಮಾಧಿಗೆ ಹೂಮಾಲೆ ಅರ್ಪಿಸಿದರು.

ಸ್ಮರಣೆ

ಬೋನ್ ಪಟ್ಟಣದಲ್ಲಿ ಶಿಲ್ಪಿ ಫ್ರಾಂಸ್ವಾ ರ‍್ಯೂಡ್ ರಚಿಸಿದ ಮೊಂಜ್ ಅವರ ಪ್ರತಿಮೆಯಿದೆ. ಐಫೆಲ್ ಗೋಪುರದ ಮೇಲೆ ಕೆತ್ತಿರುವ ೭೨ ವಿಜ್ಞಾನಿಗಳ ಹೆಸರುಗಳಲ್ಲಿ ಅವರದೂ ಒಂದು. ಮೇಲ್ಮೈಗಳ ಕುರಿತ ಅವರ ಗ್ರಂಥದ ಐದನೆಯ ಮುದ್ರಣವನ್ನು ೧೮೫೦ರಲ್ಲಿ ಲಿಯೂವಿಲ್ ಹೊರತಂದಾಗ ಗೌಸ್ ಅವರ ೧೮೨೭ರ ಪ್ರಬಂಧವನ್ನೂ ಅದಕ್ಕೆ ಅನುಬಂಧವಾಗಿ ಸೇರಿಸಿದರು. ೧೯೮೯ರಲ್ಲಿ, ಫ್ರೆಂಚ್ ಕ್ರಾಂತಿಯ ಇನ್ನೂರನೆಯ ವರ್ಷಾಚರಣೆಯ ಸಂದರ್ಭದಲ್ಲಿ, ಮೊಂಜ್ ಅವರ ಅವಶೇಷಗಳನ್ನು ಪ್ಯಾರಿಸ್ಸಿನ ಪ್ಯಾಂಥಿಯನ್‌ಗೆ ಸ್ಥಳಾಂತರಿಸಲಾಯಿತು.